ಹೆಪ್ಪು ಹುಳಿಯಾದರೆ ಮೊಸರೂ ಹುಳಿ

ಮೊಸರಾಗಲು ಹಾಲೊಂದೇ ಸಾಲದು, ಹೆಪ್ಪು ಬೇಕು. ನಿನ್ನೆಯ ಮೊಸರಿನಿಂದ ಒಂದು ಚಮಚ ಎತ್ತಿಟ್ಟರೆ ಇವತ್ತು ಪಾತ್ರೆ ತುಂಬ ಮೊಸರು. ಹಾಲು ಎಷ್ಟೇ ಗಟ್ಟಿಯಿರಲಿ, ಹೆಪ್ಪು ಹುಳಿಯಾಗಿದ್ದರೆ ಮೊಸರು ಹುಳಿಯೇ. ಎತ್ತಿಡಲು ಮರೆತರಂತೂ ಲೋಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಬೇಕು. ಇದು ಎಲ್ಲರಿಗೂ ಗೊತ್ತು. ಸಾಫ್ಟ್‌ವೇರ್‌ನಲ್ಲೂ ಇಂಥದ್ದೊಂದು ಹೆಪ್ಪು ಇದೆ, ಅದನ್ನೂ ಯಾರಾದರೂ ಕಾಯುತ್ತಿರಬೇಕು ಎಂದರೆ ಮಾತ್ರ ನಮ್ಮ ಕ್ಲಾಸಿನವರೇ ನಗುತ್ತಾರೆ.

ಆ ಹೆಪ್ಪಿನ ಹೆಸರು ಸ್ಟಾರ್ಟರ್ ಟೆಂಪ್ಲೇಟ್.

ಬ್ಯಾಂಕಿನ ಸಾಲದ ಅರ್ಜಿ, ಆಸ್ಪತ್ರೆಯ ನೋಂದಣಿ, ಪುರಸಭೆಯ ತೆರಿಗೆ, ಕಾಲೇಜಿನ ಶುಲ್ಕ ಎಲ್ಲವೂ ಹೊರಗಿನಿಂದ ನೋಡಿದರೆ ಬೇರೆ ಬೇರೆ. ಒಳಗೆ ಶುರುವಿನ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ. ಲಾಗಿನ್ ಇರಬೇಕು. ಡೇಟಾಬೇಸ್ ಜೋಡಿಸಬೇಕು. ಎಲ್ಲಿ ಏನಾಯಿತು ಎಂದು ಬರೆದಿಡುವ ಲಾಗ್ ಬೇಕು. ಬರೆದ ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಬೇಕು. ಇಂಥ ದೊಡ್ಡ ಸಂಸ್ಥೆಗಳ ಕೆಲಸಕ್ಕೆ ಬಹಳ ಕಡೆ ಬಳಕೆಯಾಗುವ ಭಾಷೆ ಜಾವಾ. ಅದರಲ್ಲಿ ಈ ಶುರುವಿನ ಕೆಲಸವನ್ನು ಪ್ರತಿಸಲ ಕೈಯಿಂದ ಮಾಡುತ್ತ ಕೂತರೆ ಅಸಲಿ ಕೆಲಸ ಮುಟ್ಟುವಷ್ಟರಲ್ಲಿ ವಾರ ಕಳೆದಿರುತ್ತದೆ. ಹಾಗಾಗಿ ಯಾರೋ ಒಮ್ಮೆ ಎಲ್ಲವನ್ನೂ ಸರಿಯಾಗಿ ಜೋಡಿಸಿ ಇಡುತ್ತಾರೆ. ಉಳಿದವರು ಅದರ ಪ್ರತಿ ಮಾಡಿಕೊಂಡು ಅಲ್ಲಿಂದ ಮುಂದಕ್ಕೆ ಬರೆಯುತ್ತಾರೆ. ಟೆಂಪ್ಲೇಟ್ ಅಂದರೆ ಇಷ್ಟೇ.

ಅದನ್ನು ಮಾಡಿದವರಿಗೆ ಹೆಸರು ಬರುತ್ತದೆ. ಆಮೇಲೆ ಅದನ್ನು ನೋಡಿಕೊಳ್ಳುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಳೆದ ಒಂದು ವರ್ಷದಿಂದ ಆ ಎರಡನೇ ಸಾಲಿನಲ್ಲಿ ನಿಂತಿರುವವಳು ನಾನು.

ಟೆಂಪ್ಲೇಟ್‌ನಲ್ಲಿದ್ದದ್ದು ಸರಿ ಇರಬಹುದು!

ನಾನು ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಓದುತ್ತಿದ್ದೇನೆ. ನಮ್ಮ ವಿಟಿಯು ಸಿಲೆಬಸ್‌ನಲ್ಲಿ ಜಾವಾ ಮೂರನೇ ಸೆಮಿಸ್ಟರ್‌ಗೆ ಬರುತ್ತದೆ, ಮಿನಿ ಪ್ರಾಜೆಕ್ಟ್ ಐದನೆಯದಕ್ಕೆ. ನಮ್ಮಲ್ಲಿ ಮಿನಿ ಪ್ರಾಜೆಕ್ಟ್‌ಗೆಂದು ಸೀನಿಯರ್‌ಗಳು ಮಾಡಿಟ್ಟ ಒಂದು ಸ್ಪ್ರಿಂಗ್ ಬೂಟ್ ಟೆಂಪ್ಲೇಟ್ ಇತ್ತು. ಒಂದು ಬ್ಯಾಚ್‌ನಿಂದ ಇನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಜಿಪ್ ಫೈಲಾಗಿ ಇಳಿದುಬರುತ್ತಿತ್ತು. ನಮ್ಮ ಪಾಳಿ ಬಂದಾಗ ನಾವು ಮೂವರು ಸೇರಿ ಅದನ್ನು ಗಿಟ್‌ಹಬ್‌ಗೆ ಹಾಕಿ, ಬಿಡಿಸಿ ನೋಡಲು ಕೂತೆವು.

ಡೇಟಾಬೇಸ್ ಪಾಸ್‌ವರ್ಡ್ ಜಾಗದಲ್ಲಿ ‘ರೂಟ್’ ಎಂದು ಬರೆದಿತ್ತು. ಮೊದಲು ಮಾಡಿದವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಲು ಹಾಕಿದ್ದಿರಬೇಕು. ಹಿಂದಿನ ಬ್ಯಾಚ್‌ಗಳ ಪ್ರಾಜೆಕ್ಟ್‌ಗಳಲ್ಲಿ ಸಿಕ್ಕಿದ ಹನ್ನೊಂದನ್ನು ತೆರೆದೆವು. ಒಂಬತ್ತರಲ್ಲಿ ಅದೇ ಪಾಸ್‌ವರ್ಡ್. ಪ್ರಾಜೆಕ್ಟ್ ಡೆಮೊ ಆಗಿ ಮೂಲೆ ಸೇರಿದ್ದರೆ ಚಿಂತೆಯಿರಲಿಲ್ಲ. ಆದರೆ ಒಂದು ತಂಡದವರು ತಮ್ಮದನ್ನು ಬಂಟ್ವಾಳ ಕಡೆಯ ಒಂದು ಅಡಿಕೆ ಖರೀದಿ ಅಂಗಡಿಗೆ ಕೊಟ್ಟಿದ್ದರು. ಅದು ಇಂಟರ್‌ನೆಟ್‌ನಲ್ಲಿ ನಿಜವಾಗಿಯೂ ಓಡುತ್ತಿತ್ತು. ಅದರಲ್ಲಿ ಅಡಿಕೆ ತಂದವರ ಹೆಸರು, ಫೋನ್ ನಂಬರ್, ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕ ಎಲ್ಲ ಇತ್ತು.

ಆ ತಂಡದ ಸೀನಿಯರ್ ಅಣ್ಣನಿಗೆ ಫೋನ್ ಮಾಡಿದೆ. ಅವರು ಅದೇ ಸಂಜೆ ಪಾಸ್‌ವರ್ಡ್ ಬದಲಿಸಿದರು. ಆಮೇಲೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ: “ಎಂತ ಮಾಡುದು ಮಾರಾಯ್ತಿ, ಟೆಂಪ್ಲೇಟ್‌ನಲ್ಲಿ ಇದ್ದದ್ದಲ್ವಾ, ಸರಿಯೇ ಇರ್ಬಹುದು ಅಂತ ಬಿಟ್ಟೆವು.”

ಅವರದೇನೂ ತಪ್ಪಿಲ್ಲ. ಟೆಂಪ್ಲೇಟ್ ಇರುವುದೇ ಅದಕ್ಕೆ, ಆ ಭಾಗವನ್ನು ನಾವು ಮತ್ತೆ ಯೋಚಿಸದೆ ಇರಲಿ ಎಂದು. ಯಾರೂ ಯೋಚಿಸದ ಭಾಗವನ್ನು ಒಬ್ಬರಾದರೂ ಯೋಚಿಸುತ್ತಿರಬೇಕಲ್ಲ? ಆ ಒಬ್ಬರು ಇಲ್ಲದಿದ್ದಾಗ ಹೀಗಾಗುತ್ತದೆ.

ಈಗ ನಮ್ಮ ಟೆಂಪ್ಲೇಟ್‌ನಲ್ಲಿ ಪಾಸ್‌ವರ್ಡ್ ಇಲ್ಲವೇ ಇಲ್ಲ. ಓಡಿಸುವವರು ತಮ್ಮ ಕಂಪ್ಯೂಟರ್‌ನಲ್ಲಿ ಅದನ್ನು ಬೇರೆಯಾಗಿ ಕೊಡಬೇಕು, ಕೊಡದಿದ್ದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಜೂನಿಯರ್‌ಗಳು “ಅಕ್ಕಾ, ಮೊದಲಿಂದು ಕ್ಲಿಕ್ ಮಾಡಿದ ಕೂಡಲೇ ಓಡ್ತಿತ್ತಲ್ವಾ” ಎಂದು ಗೊಣಗುತ್ತಾರೆ. ಗೊಣಗಲಿ.

ಯಾರೂ ಬರೆಯದ ‘5’

ಟೆಂಪ್ಲೇಟ್ ಹಳತಾಗುವುದು ಹೇಗೆ? ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಇದಕ್ಕೆ ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಒಳಗಿನ ಒಂದಕ್ಷರವೂ ಬದಲಾಗಿರುವುದಿಲ್ಲ. ಸುತ್ತಲಿನ ಲೋಕ ಮುಂದೆ ಹೋಗಿರುತ್ತದೆ, ಅಷ್ಟೇ.

ಜಾವಾ ಕಲಿಯುವವರಲ್ಲಿ ಅನೇಕರು ನೋಡಿರುವ ಒಂದು ಎರರ್ ಇದೆ. ಮೇವೆನ್ ಎಂಬುದು ಜಾವಾ ಪ್ರಾಜೆಕ್ಟ್ ಕಟ್ಟಿಕೊಡುವ ಉಪಕರಣ. ಅದರಲ್ಲಿ ‘ಆರ್ಕಿಟೈಪ್’ ಎಂಬ ಟೆಂಪ್ಲೇಟ್ ವ್ಯವಸ್ಥೆಯಿದ್ದು, ಒಂದು ಆಜ್ಞೆ ಕೊಟ್ಟರೆ ಹೊಸ ಪ್ರಾಜೆಕ್ಟಿನ ಫೋಲ್ಡರ್‌ಗಳೆಲ್ಲ ತಯಾರು. ಯಾವುದೋ ಹಳೆಯ ಪಾಠ ನೋಡಿ ಆ ಆಜ್ಞೆಯನ್ನು ಹೊಸ ಜಾವಾ ಇರುವ ಲ್ಯಾಪ್‌ಟಾಪ್‌ನಲ್ಲಿ ಕೊಟ್ಟರೆ ‘ಸೋರ್ಸ್ ಆಪ್ಷನ್ 5ಕ್ಕೆ ಈಗ ಬೆಂಬಲವಿಲ್ಲ’ ಎಂಬರ್ಥದ ಕೆಂಪು ಸಾಲು ಬರುತ್ತದೆ. ಹುಡುಗರು ಫೈಲೆಲ್ಲ ಜಾಲಾಡುತ್ತಾರೆ. 5 ಎಂದು ಎಲ್ಲೂ ಬರೆದಿಲ್ಲ!

ಬರೆಯದೇ ಇದ್ದದ್ದೇ ಕಾರಣ. ಯಾವ ಆವೃತ್ತಿಯ ಜಾವಾ ಎಂದು ಟೆಂಪ್ಲೇಟ್ ಹೇಳದಿದ್ದರೆ ಮೇವೆನ್‌ನ ಹಳೆಯ ಕಂಪೈಲರ್ ಪ್ಲಗಿನ್ ತಾನೇ ‘ಜಾವಾ 5 ಇರಬೇಕು’ ಎಂದುಕೊಳ್ಳುತ್ತಿತ್ತು. ಜಾವಾ 5 ಬಂದದ್ದು 2004ರಲ್ಲಿ, ನಾನು ಹುಟ್ಟುವ ಮೊದಲು. ಅದೇ ಆರ್ಕಿಟೈಪ್‌ನ ಹಳೆಯ ಆವೃತ್ತಿಗಳು ಟೆಸ್ಟ್ ಬರೆಯಲು ಜೆಯುನಿಟ್ 3.8.1 ಅನ್ನು ಜೋಡಿಸಿಕೊಡುತ್ತಿದ್ದವು. ಅದು 2002ರದು. ಜೆಯುನಿಟ್ 4 ಬಂದದ್ದು 2006ರಲ್ಲಿ, 5 ಬಂದದ್ದು 2017ರಲ್ಲಿ. ಆರ್ಕಿಟೈಪ್‌ನ ಈಚಿನ 1.5 ಆವೃತ್ತಿಯಲ್ಲಿ ಜೆಯುನಿಟ್ 5 ಇದೆ. ಆದರೆ ಪಾಠಗಳಿಂದ ನಕಲು ಮಾಡುವ ಆಜ್ಞೆಯ ಬಾಲದಲ್ಲಿ ಹಳೆಯ ಆವೃತ್ತಿಯ ಸಂಖ್ಯೆ ಅಂಟಿಕೊಂಡೇ ಇರುತ್ತದೆ. ಹೀಗೆ ಇಪ್ಪತ್ತು ವರ್ಷ ಹಿಂದಿನ ನಿರ್ಧಾರವೊಂದು ಬೆಳ್ತಂಗಡಿಯಿಂದ ಬಸ್ಸು ಹತ್ತಿ ಬರುವ ಎರಡನೇ ವರ್ಷದ ಹುಡುಗನ ಒಂದು ಮಧ್ಯಾಹ್ನವನ್ನು ತಿನ್ನುತ್ತದೆ.

ಎಂಟು ಸೆಮಿಸ್ಟರ್, ಎಂಟು ಆವೃತ್ತಿ

ಜಾವಾದಲ್ಲಿ ದೀರ್ಘಕಾಲ ಬೆಂಬಲವಿರುವ ಆವೃತ್ತಿಗಳನ್ನು ಎಲ್‌ಟಿಎಸ್ ಎನ್ನುತ್ತಾರೆ. ಕಂಪನಿಗಳು ನೆಚ್ಚಿಕೊಳ್ಳುವುದು ಇವನ್ನೇ. ಜಾವಾ 8 ಬಂದದ್ದು 2014ರಲ್ಲಿ. ಆಮೇಲೆ 2018ರಲ್ಲಿ 11, 2021ರಲ್ಲಿ 17, 2023ರಲ್ಲಿ 21, 2025ರಲ್ಲಿ 25. ಅಂತರ ಕಡಿಮೆಯಾಗುತ್ತ ಬಂದದ್ದು ಗಮನಿಸಿ. ಈಗ ಎರಡು ವರ್ಷಕ್ಕೊಂದು. ಅಂದರೆ ಒಬ್ಬ ವಿದ್ಯಾರ್ಥಿ ಬಿ.ಇ. ಸೇರಿ ಹೊರಬೀಳುವಷ್ಟರಲ್ಲಿ ಎರಡು ಎಲ್‌ಟಿಎಸ್ ಬಂದಿರುತ್ತವೆ.

ಸ್ಪ್ರಿಂಗ್ ಬೂಟ್ ಇನ್ನೂ ಚುರುಕು. ಜಾವಾದಲ್ಲಿ ದೊಡ್ಡ ಅಪ್ಲಿಕೇಶನ್ ಕಟ್ಟುವವರಿಗೆ ಶುರುವಿನ ಜೋಡಣೆಯನ್ನೆಲ್ಲ ಮಾಡಿಕೊಡುವ ಈ ಚೌಕಟ್ಟಿನ ಮೊದಲ ಆವೃತ್ತಿ ಬಂದದ್ದು 2014ರ ಏಪ್ರಿಲ್‌ನಲ್ಲಿ. ಈಗ ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ, ಸಾಮಾನ್ಯವಾಗಿ ಮೇ ಮತ್ತು ನವೆಂಬರ್‌ನಲ್ಲಿ. ನಮಗೆ ಎಂಟು ಸೆಮಿಸ್ಟರ್, ಅದಕ್ಕೂ ಎಂಟು ಆವೃತ್ತಿ! ಒಂದೊಂದು ಆವೃತ್ತಿಗೂ ಉಚಿತ ಬೆಂಬಲ ಸಿಗುವುದು ಸುಮಾರು ಒಂದು ವರ್ಷ. ಎರಡನೇ ವರ್ಷದಲ್ಲಿ ಇಳಿಸಿಕೊಂಡ ಟೆಂಪ್ಲೇಟ್‌ನಿಂದ ಕೊನೆಯ ವರ್ಷದ ಪ್ರಾಜೆಕ್ಟ್ ಶುರು ಮಾಡಿದರೆ ಅಡಿಪಾಯದ ಅವಧಿ ಆಗಲೇ ಮುಗಿದಿರುತ್ತದೆ.

ಕೆಲವೊಮ್ಮೆ ಬದಲಾವಣೆಯ ಕಾರಣ ತಂತ್ರಜ್ಞಾನವೇ ಆಗಿರುವುದಿಲ್ಲ. ದೊಡ್ಡ ಸಂಸ್ಥೆಗಳಿಗೆಂದು ಇದ್ದ ‘ಜಾವಾ ಇಇ’ ಯನ್ನು ಒರಾಕಲ್ ಕಂಪನಿ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್‌ಗೆ ವಹಿಸಲು ನಿರ್ಧರಿಸಿತು. ಆದರೆ ‘ಜಾವಾ’ ಎಂಬ ಹೆಸರಿನ ಹಕ್ಕು ಒರಾಕಲ್ ಬಳಿಯೇ ಉಳಿಯಿತು. ಹಾಗಾಗಿ ಜಾವಾ ಇಇ ಹೋಗಿ ಜಕಾರ್ತಾ ಇಇ ಆಯಿತು. 2020ರ ಡಿಸೆಂಬರ್‌ನಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಕೋಡಿನೊಳಗಿನ ‘ಜಾವಾಎಕ್ಸ್’ ಎಂಬ ಹೆಸರುಗಳೆಲ್ಲ ‘ಜಕಾರ್ತಾ’ ಆದವು. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಇದನ್ನೇ ಒಪ್ಪಿಕೊಂಡಿತು, ಜೊತೆಗೆ ಕನಿಷ್ಠ ಜಾವಾ 17 ಬೇಕು ಎಂದಿತು. ಒಂದು ಹೆಸರಿನ ಹಕ್ಕಿನ ವಿಷಯಕ್ಕೆ ಲೋಕದಲ್ಲಿ ಎಷ್ಟು ಫೈಲ್‌ಗಳ ಮೊದಲ ಸಾಲುಗಳು ಬದಲಾದವೋ!

ನಮ್ಮಲ್ಲಿ ಇದರ ಪರಿಣಾಮ ಹೀಗೆ ಕಂಡಿತು. ಲ್ಯಾಬ್‌ನ ಕೆಲವು ಕಂಪ್ಯೂಟರ್‌ಗಳಲ್ಲಿ ಇನ್ನೂ ಜಾವಾ 8. ಯೂಟ್ಯೂಬ್ ಪಾಠದಲ್ಲಿ ‘ಜಾವಾಎಕ್ಸ್’. ಲ್ಯಾಪ್‌ಟಾಪ್‌ನಲ್ಲಿ ಜಾವಾ 21. ಮೂರೂ ಒಂದನ್ನೊಂದು ಒಪ್ಪುವುದಿಲ್ಲ. ಮೂರನ್ನೂ ನೋಡಿದ ಜೂನಿಯರ್ ತನಗೆ ಜಾವಾ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ನನಗೆ ಬೇಸರವಾಗುವುದು ಇದಕ್ಕೆ. ಅವನಿಗೆ ಜಾವಾ ಬರುತ್ತದೆ. ಅವನಿಗೆ ಕೊಟ್ಟ ಹೆಪ್ಪು ಹುಳಿಯಾಗಿತ್ತು.

ಕತ್ತರಿಸಿದ ಬಳ್ಳಿ

ಟೆಂಪ್ಲೇಟ್ ನೋಡಿಕೊಳ್ಳುವುದರಲ್ಲಿ ನಿಜವಾಗಿಯೂ ಕಷ್ಟದ ಭಾಗ ಬೇರೆಯೇ ಇದೆ. ಗಿಟ್‌ಹಬ್‌ನಲ್ಲಿ 2019ರಿಂದ ‘ಈ ಟೆಂಪ್ಲೇಟ್ ಬಳಸಿ’ ಎಂಬ ಬಟನ್ ಇದೆ. ಒತ್ತಿದರೆ ನಿಮ್ಮ ಹೆಸರಿನಲ್ಲಿ ಹೊಸ ಪ್ರತಿ. ಆದರೆ ಮೂಲಕ್ಕೂ ಆ ಪ್ರತಿಗೂ ಅಲ್ಲಿಗೆ ನಂಟು ಮುಗಿಯಿತು. ನಾಳೆ ನಾನು ಮೂಲದಲ್ಲಿ ಒಂದು ದೋಷ ಸರಿಪಡಿಸಿದರೆ ಅದು ಹೊಸದಾಗಿ ಪ್ರತಿ ಮಾಡುವವರಿಗೆ ಸಿಗುತ್ತದೆಯೇ ಹೊರತು ಈಗಾಗಲೇ ಮಾಡಿಕೊಂಡವರಿಗೆ ತಲುಪುವುದಿಲ್ಲ.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳವಾಗಿದೆ: ಪ್ರತಿ ಆಗುವ ಭಾಗವನ್ನು ಆದಷ್ಟು ಸಣ್ಣದಾಗಿ ಇಡಿ, ನಂಟು ಉಳಿಯುವ ಭಾಗಕ್ಕೆ ಆದಷ್ಟು ಹೊರೆ ಹೊರಿಸಿ. ಸ್ಪ್ರಿಂಗ್ ಬೂಟ್‌ನಲ್ಲಿ ‘ಸ್ಟಾರ್ಟರ್’ ಎನ್ನುವುದು ಇಂಥ ನಂಟು. ನಮ್ಮ ಪ್ರಾಜೆಕ್ಟಿನ ಪೊಮ್ ಫೈಲ್‌ನಲ್ಲಿ ‘ಇದರ ತಾಯಿ ಸ್ಪ್ರಿಂಗ್ ಬೂಟ್‌ನ ಇಂಥ ಆವೃತ್ತಿ’ ಎಂದು ಒಂದು ಕಡೆ ಬರೆದರೆ, ಹತ್ತಾರು ಲೈಬ್ರರಿಗಳಲ್ಲಿ ಯಾವುದರ ಯಾವ ಆವೃತ್ತಿ ಯಾವುದಕ್ಕೆ ಹೊಂದುತ್ತದೆ ಎಂಬ ಲೆಕ್ಕವನ್ನು ಆ ತಾಯಿಯೇ ನೋಡಿಕೊಳ್ಳುತ್ತದೆ. ಮುಂದೆ ಆ ಒಂದು ಸಂಖ್ಯೆ ಬದಲಿಸಿದರೆ ಬಹುಪಾಲು ರಿಪೇರಿ ತಾನಾಗಿ ಬರುತ್ತದೆ.

ಇದರ ಬೆಲೆ ಗೊತ್ತಾದದ್ದು 2021ರ ಡಿಸೆಂಬರ್‌ನಲ್ಲಿ. ಜಾವಾ ಜಗತ್ತಿನಲ್ಲಿ ಎಲ್ಲೆಲ್ಲೂ ಬಳಕೆಯಲ್ಲಿದ್ದ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ‘ಲಾಗ್‌ಫೋರ್‌ಶೆಲ್’ ದೋಷ ಬಯಲಾಯಿತು. ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡದವರು ನವೆಂಬರ್‌ನಲ್ಲಿ ಅದನ್ನು ವರದಿ ಮಾಡಿದ್ದರು. ಲಾಗ್‌ಗೆ ಹೋಗುವ ಜಾಗದಲ್ಲಿ ಹೊರಗಿನವರು ಒಂದು ವಿಶೇಷ ಸಾಲು ಬರೆದರೆ ಸಾಕು, ಆ ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಹುದಿತ್ತು. ಅಪಾಯದ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದರು. ಒಂದೇ ತಿಂಗಳೊಳಗೆ 2.15, 2.16, 2.17 ಎಂದು ಸಾಲುಸಾಲು ಆವೃತ್ತಿಗಳು ಬಂದವು.

ಆಗ ಸ್ಪ್ರಿಂಗ್ ಬೂಟ್ ಬಳಸುವವರಲ್ಲಿ ತಾವು ಏನೂ ಬದಲಿಸದೆ ಬಿಟ್ಟವರು ಈ ದೋಷಕ್ಕೆ ಸಿಕ್ಕಿಬೀಳಲಿಲ್ಲ. ಕಾರಣ, ಅದರ ಸ್ಟಾರ್ಟರ್‌ಗಳಲ್ಲಿ ಮೊದಲಿನಿಂದಲೂ ಇದ್ದದ್ದು ಲಾಗ್‌ಬ್ಯಾಕ್ ಎಂಬ ಬೇರೆ ಲೈಬ್ರರಿ. ಬೇಕೆಂದೇ ಲಾಗ್‌ಫೋರ್‌ಜೆಗೆ ಬದಲಾಯಿಸಿಕೊಂಡವರಿಗೆ ಮಾತ್ರ ತೊಂದರೆ. ಯಾರೋ ಎಂದೋ ಟೆಂಪ್ಲೇಟ್‌ನಲ್ಲಿ ಮಾಡಿದ ಆಯ್ಕೆ ಎಷ್ಟೋ ಜನರನ್ನು ಅವರಿಗೇ ಗೊತ್ತಿಲ್ಲದೆ ಕಾಪಾಡಿತು. ನಮ್ಮ ‘ರೂಟ್’ ಪಾಸ್‌ವರ್ಡ್‌ನದು ಇದರ ಉಲ್ಟಾ ಕತೆ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಟೆಂಪ್ಲೇಟ್‌ನಲ್ಲಿ ಇದ್ದದ್ದು ಹರಡುತ್ತದೆ.

ಬೆಂಗಳೂರಿನಲ್ಲಿ ಒಂದು ಹಂದರ

ಇದೆಲ್ಲ ಎಲ್ಲೋ ಅಮೆರಿಕದ ಮಾತು ಅಂದುಕೊಳ್ಳಬೇಡಿ. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ 2003ರಲ್ಲಿ ಬೆಂಗಳೂರಿನಲ್ಲಿ ಇ-ಗವರ್ನಮೆಂಟ್ಸ್ ಫೌಂಡೇಶನ್ ಎಂಬ ಸಂಸ್ಥೆ ಶುರು ಮಾಡಿದರು. ನಗರಾಡಳಿತಗಳ ಆಸ್ತಿ ತೆರಿಗೆ, ನೀರಿನ ಬಿಲ್ಲು, ಸಾರ್ವಜನಿಕರ ದೂರು ಮುಂತಾದ ಕೆಲಸಗಳಿಗೆ ಅದು ಕಟ್ಟಿರುವ ವೇದಿಕೆಯ ಹೆಸರು ಡಿಜಿಟ್. ಪಂಜಾಬಿನ ಎಂ-ಸೇವಾ ನಿಂತಿರುವುದು ಇದರ ಮೇಲೆ. ಅದರ ಕೋಡ್ ಯಾರು ಬೇಕಾದರೂ ಓದುವಂತೆ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಸೇವೆಗಳು ಜಾವಾ ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿವೆ.

ಹೊಸ ಸೇವೆ ಬರೆಯುವವರಿಗೆ ಅವರು ಒಂದು ಕೈಪಿಡಿ ಕೊಟ್ಟಿದ್ದಾರೆ. ಉದಾಹರಣೆಗೆಂದು ಆರಿಸಿಕೊಂಡದ್ದು ಜನನ ನೋಂದಣಿ. ಮೊದಲು ಸೇವೆ ಏನೇನು ಕೇಳುತ್ತದೆ, ಏನೇನು ಕೊಡುತ್ತದೆ ಎಂಬ ವಿವರಣೆಯನ್ನು ಒಂದು ಫೈಲ್‌ನಲ್ಲಿ ಬರೆಯಬೇಕು. ಅದನ್ನು ‘ಕೋಡ್‌ಜೆನ್’ ಎಂಬ ಉಪಕರಣಕ್ಕೆ ಕೊಟ್ಟರೆ ಸ್ಪ್ರಿಂಗ್ ಬೂಟ್ ಪ್ರಾಜೆಕ್ಟಿನ ಹಂದರ ಎದ್ದು ನಿಲ್ಲುತ್ತದೆ. ಅದಕ್ಕೆ ಬಳ್ಳಿ ಹಬ್ಬಿಸುವುದು ನಮ್ಮ ಕೆಲಸ. ಡಿಜಿಟ್ ತನ್ನ 2.9 ಎಲ್‌ಟಿಎಸ್ ಆವೃತ್ತಿಗೆ ಬರುವಾಗ ಜಾವಾ 8ರಿಂದ 17ಕ್ಕೆ, ಸ್ಪ್ರಿಂಗ್ ಬೂಟ್ 2ರಿಂದ 3ಕ್ಕೆ ಹಾರಿತು. ಅಂದರೆ ನಾವು ಮೂವರು ಮೂಡುಬಿದಿರೆಯಲ್ಲಿ ಕೂತು ಮಾಡಿದ ಅದೇ ಜಾವಾಎಕ್ಸ್–ಜಕಾರ್ತಾ ಬದಲಾವಣೆಯನ್ನು ಅವರು ಊರೂರಿನ ತೆರಿಗೆ ಕಟ್ಟುವ ಸೇವೆಗಳಲ್ಲಿ ಮಾಡಬೇಕಾಯಿತು. ಕೆಲಸ ಒಂದೇ ಜಾತಿಯದು, ಗಾತ್ರ ಬೇರೆ.

ಬೆಂಗಳೂರಿನದೇ ಇನ್ನೊಂದು ಹೆಸರು ಮೊಸಿಪ್. ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ ಇದು ದೇಶಗಳು ತಮ್ಮ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಲು ಬಳಸುವ ಮುಕ್ತ ವೇದಿಕೆ. ಅದೂ ಜಾವಾವೇ. ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿಗೆ ಅದನ್ನು ಆಧಾರವಾಗಿ ಇಟ್ಟುಕೊಂಡಿದೆ. ಇಂಥ ಕಡೆ ಕೆಲಸಕ್ಕೆ ಸೇರುವ ಹೊಸಬರಿಗೆ ಖಾಲಿ ಹಾಳೆ ಯಾರೂ ಕೊಡುವುದಿಲ್ಲ. ಮೊದಲ ದಿನದಿಂದಲೇ ಬೇರೆಯವರು ಕಟ್ಟಿದ್ದನ್ನು ಓದಿ, ಅದು ಮುರಿಯದಂತೆ ಬದಲಿಸಬೇಕು.

‘ಬೇಡ’ ಎನ್ನುವ ಕೆಲಸ

ಹಾಗಾದರೆ ನಾವು ಮೂವರು ಮಾಡುವುದಾದರೂ ಏನು? ಸೆಮಿಸ್ಟರ್ ಶುರುವಾದ ಮೊದಲ ಶನಿವಾರ ಏನೂ ಹಾಕಿರದ ಒಂದು ಕಂಪ್ಯೂಟರ್ ಹಿಡಿದು, ನಮ್ಮದೇ ಸೂಚನೆಗಳನ್ನು ಸಾಲುಸಾಲಾಗಿ ಪಾಲಿಸುತ್ತೇವೆ. ಎಲ್ಲಿ ಸಿಕ್ಕಿಬಿತ್ತೋ ಅಲ್ಲಿ ತಿದ್ದುತ್ತೇವೆ. ಲೈಬ್ರರಿಗಳ ಹೊಸ ಆವೃತ್ತಿ ಬಂದಾಗ ಡಿಪೆಂಡಬಾಟ್ ಎಂಬ ಗಿಟ್‌ಹಬ್‌ನ ಯಂತ್ರ ಸಹಾಯಕ ತಿಳಿಸುತ್ತದೆ. ಟೆಸ್ಟ್‌ಗಳು ಪಾಸಾದರೆ ಒಪ್ಪಿಕೊಳ್ಳುತ್ತೇವೆ. ದೊಡ್ಡ ಬದಲಾವಣೆಗಳಿಗೆ ಓಪನ್‌ರಿರೈಟ್ ಎಂಬ ಉಪಕರಣವಿದೆ, ಜಾವಾಎಕ್ಸ್ ಇದ್ದಲ್ಲೆಲ್ಲ ಜಕಾರ್ತಾ ಮಾಡುವಂಥ ಕೂಲಿ ಕೆಲಸ ಅದರದು.

ಎರಡನೆಯದು ನೆಟ್‌ವರ್ಕ್. ಮೇವೆನ್ ಮೊದಲ ಸಲ ಓಡುವಾಗ ನೂರಾರು ಫೈಲ್‌ಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುವ ಊರುಗಳಿಂದ ಬರುವವರು ನಮ್ಮಲ್ಲಿ ಎಷ್ಟೋ ಮಂದಿ. ಅದಕ್ಕೆ ಆ ಫೈಲ್‌ಗಳಿರುವ ‘ಎಂ2’ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಹಾಕಿ ಇಟ್ಟಿದ್ದೇವೆ. ಆವೃತ್ತಿ ಬದಲಾದಾಗಲೆಲ್ಲ ಪೆನ್‌ಡ್ರೈವ್ ಕೂಡ ಹೊಸದಾಗಬೇಕು. ಯಾವ ಪುಸ್ತಕದಲ್ಲೂ ಇದನ್ನು ಟೆಂಪ್ಲೇಟ್ ನಿರ್ವಹಣೆ ಎಂದು ಬರೆದಿರಲಿಕ್ಕಿಲ್ಲ. ಇಲ್ಲಿ ಇದೂ ಅದೇ.

ಮೂರನೆಯದು ಕನ್ನಡ. ಸೂಚನೆಗಳ ರೀಡ್‌ಮಿ ಫೈಲನ್ನು ನಾವು ಕನ್ನಡದಲ್ಲೂ ಬರೆದಿದ್ದೇವೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಎರರ್ ಕಂಡು ಹೆದರುವುದು ಎರರ್‌ಗಲ್ಲ, ಅದನ್ನು ಯಾರ ಹತ್ತಿರ ಹೇಗೆ ಕೇಳುವುದು ಎಂಬುದಕ್ಕೆ. ‘ಈ ಸಾಲು ಕಂಡರೆ ಹೀಗೆ ಮಾಡಿ’ ಎಂಬ ಹನ್ನೆರಡು ಎರರ್‌ಗಳ ಪಟ್ಟಿ ಅದರಲ್ಲಿದೆ. ನಮಗೆ ಬರುವ ಫೋನ್‌ಗಳು ಕಡಿಮೆಯಾದದ್ದು ಆ ಪಟ್ಟಿ ಬಂದ ಮೇಲೆ.

ಇಷ್ಟೆಲ್ಲಕ್ಕಿಂತ ಹೆಚ್ಚು ಸಮಯ ಹೋಗುವುದು ‘ಬೇಡ’ ಎನ್ನುವುದರಲ್ಲಿ. ಒಬ್ಬ ಚಾರ್ಟ್ ಬಿಡಿಸುವ ಲೈಬ್ರರಿ ಸೇರಿಸಿ ಎನ್ನುತ್ತಾನೆ, ಇನ್ನೊಬ್ಬಳು ಎಸ್‌ಎಂಎಸ್ ಕಳಿಸುವುದು ಬೇಕೆನ್ನುತ್ತಾಳೆ. ಎಲ್ಲವೂ ಒಳ್ಳೆಯದೇ. ಆದರೆ ಸೇರಿಸಿದ ಪ್ರತಿಯೊಂದನ್ನೂ ಮುಂದಿನ ವರ್ಷ ಯಾರೋ ನೋಡಿಕೊಳ್ಳಬೇಕು. ಎಲ್ಲ ತಂಡಗಳಿಗೂ ಬೇಕಾದದ್ದು ಮಾತ್ರ ಒಳಗೆ, ಉಳಿದದ್ದು ಹೊರಗೆ ಎಂಬುದು ನಮ್ಮ ನಿಯಮ. ಈ ನಿಯಮದಿಂದ ಗೆಳೆತನಕ್ಕೆ ಒಂದೆರಡು ಗೀರು ಬಿದ್ದದ್ದೂ ಉಂಟು!

ನಾವು ಹೋದ ಮೇಲೆ?

ಇಂಥ ಕೆಲಸಕ್ಕೆ ಅಂಕವಿಲ್ಲ. ರೆಸ್ಯೂಮೆಯಲ್ಲಿ ಬರೆದರೆ ‘ನೀವು ಹೊಸದಾಗಿ ಏನು ಮಾಡಿದಿರಿ’ ಎಂಬ ಪ್ರಶ್ನೆ ಬರುತ್ತದೆ. ಇದ್ದದ್ದು ಕೆಡದಂತೆ ನೋಡಿಕೊಂಡೆವು ಎಂಬ ಉತ್ತರಕ್ಕೆ ಯಾರ ಮುಖವೂ ಅರಳುವುದಿಲ್ಲ.

ನಮ್ಮದೇ ಊರಿನ ಒಂದು ಸಂಗತಿ ನೆನಪಾಗುತ್ತದೆ. ಮೂಡುಬಿದಿರೆ ಎಂದರೆ ಹೊರಗಿನವರಿಗೆ 1430ರ ಸಾವಿರ ಕಂಬದ ಬಸದಿ. ಆದರೆ ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಗರಿಗಳು ಅಷ್ಟೇ ದೊಡ್ಡ ಸಂಪತ್ತು. ಹಳೆಯ ಕನ್ನಡ ಲಿಪಿಯಲ್ಲಿರುವ ಅವು ಶತಮಾನಗಳ ಕಾಲ ಇಲ್ಲಿ ಉಳಿದವು. ಆಮೇಲೆ ಇಲ್ಲಿಂದ ಪ್ರತಿಗಳು ಹೊರಗೆ ಹೋಗಿ, 1939ರಿಂದ ಧವಲಾ ಅಚ್ಚಾಗತೊಡಗಿತು. ಬರೆದವರ ಹೆಸರು ಗ್ರಂಥದಲ್ಲಿರುತ್ತದೆ. ನಮ್ಮೂರಿನ ಈ ಮಳೆಯಲ್ಲಿ, ಈ ತೇವದಲ್ಲಿ, ಗೆದ್ದಲಿಗೆ ಕೊಡದೆ ತಲೆಮಾರುಗಳ ಕಾಲ ಕಾದವರ ಹೆಸರು ಎಷ್ಟು ಜನರಿಗೆ ಗೊತ್ತು? ಅವರಿಲ್ಲದಿದ್ದರೆ ಅಚ್ಚು ಹಾಕಲು ಏನೂ ಇರುತ್ತಿರಲಿಲ್ಲ. ನಮ್ಮ ಜಿಪ್ ಫೈಲನ್ನು ಆ ಗ್ರಂಥಗಳ ಪಕ್ಕ ಇಡುವಷ್ಟು ಧೈರ್ಯ ನನಗಿಲ್ಲ. ಕಾಯುವುದೂ ಒಂದು ಕೆಲಸ ಎಂಬ ಮಾತಿಗಷ್ಟೇ ಇದನ್ನು ಹೇಳಿದೆ.

ಕಾಯುವುದರಲ್ಲಿ ಸರಿಯಾಗಿ ಮುಗಿಸುವುದೂ ಸೇರಿದೆ. ಮ್ಯಾಟ್ ರೇಬಲ್ ಎಂಬ ಅಮೆರಿಕದ ಪ್ರೋಗ್ರಾಮರ್ 2003ರಲ್ಲಿ ಆಪ್‌ಫ್ಯೂಸ್ ಎಂಬ ಜಾವಾ ಟೆಂಪ್ಲೇಟ್ ಹೊರತಂದರು. ಆ ಕಾಲದಲ್ಲಿ ಜಾವಾ ವೆಬ್ ಅಪ್ಲಿಕೇಶನ್ ಶುರು ಮಾಡುವುದೇ ದೊಡ್ಡ ತಲೆನೋವಾಗಿತ್ತು. ಹದಿಮೂರು ವರ್ಷ ಅದನ್ನು ನಡೆಸಿ, 2016ರಲ್ಲಿ ಅವರೇ ವಿದಾಯ ಹೇಳಿದರು. ಆ ಹೊತ್ತಿಗೆ ಸ್ಪ್ರಿಂಗ್ ಬೂಟ್ ಬಂದಿತ್ತು, 2013ರಲ್ಲಿ ಶುರುವಾದ ಜೆಹಿಪ್‌ಸ್ಟರ್ ಕೂಡ ಇತ್ತು. ಯಾರಿಗೂ ಹೇಳದೆ ಕೈಬಿಟ್ಟಿದ್ದರೆ ಹೊಸಬರು ಇನ್ನೂ ಅದನ್ನೇ ಇಳಿಸಿಕೊಂಡು ಒದ್ದಾಡುತ್ತಿದ್ದರು. ‘ಇದು ಇಲ್ಲಿಗೆ ಸಾಕು, ಇನ್ನು ಅಲ್ಲಿಗೆ ಹೋಗಿ’ ಎಂದು ಬೋರ್ಡು ಹಾಕುವುದು ನೋಡಿಕೊಳ್ಳುವವರ ಕೊನೆಯ ಕರ್ತವ್ಯ.

ನಮ್ಮದಕ್ಕೆ ಇನ್ನೂ ಬೋರ್ಡು ಹಾಕುವ ಕಾಲ ಬಂದಿಲ್ಲ. ಬರುವ ವರ್ಷ ನಾವು ಮೂವರೂ ಹೊರಡುತ್ತೇವೆ. ಅದಕ್ಕೆ ಎರಡನೇ ವರ್ಷದ ಇಬ್ಬರನ್ನು ಈಗಲೇ ಜೊತೆಗೆ ಸೇರಿಸಿಕೊಂಡಿದ್ದೇವೆ. ಒಬ್ಬರಾದರೆ ಪರೀಕ್ಷೆ, ಜ್ವರ, ಇಂಟರ್ನ್‌ಶಿಪ್ ಎಂದು ಕೈಬಿಟ್ಟುಹೋಗಬಹುದು, ಹಾಗಾಗಿ ಯಾವಾಗಲೂ ಕನಿಷ್ಠ ಇಬ್ಬರಿರಬೇಕು ಎಂದು ರೀಡ್‌ಮಿಯಲ್ಲೇ ಬರೆದಿಟ್ಟಿದ್ದೇವೆ. ಕಳೆದ ಸೆಮಿಸ್ಟರ್ ಶುರುವಿನ ಶನಿವಾರ ಖಾಲಿ ಕಂಪ್ಯೂಟರ್ ಮುಂದೆ ಕೂತದ್ದು ಆ ಇಬ್ಬರೇ. ನಾವು ಹಿಂದೆ ನಿಂತಿದ್ದೆವು, ಬಾಯಿ ತೆರೆಯಬಾರದು ಎಂಬ ಷರತ್ತಿನ ಮೇಲೆ. ಏಳನೇ ಸಾಲಿನಲ್ಲಿ ಅವರು ಸಿಕ್ಕಿಹಾಕಿಕೊಂಡರು, ಪಟ್ಟಿ ನೋಡಿದರು, ಪಟ್ಟಿಯಲ್ಲಿ ಆ ಎರರ್ ಇರಲಿಲ್ಲ. ಅರ್ಧ ಗಂಟೆ ಹುಡುಕಿ ಸರಿಪಡಿಸಿಕೊಂಡರು. ಆಮೇಲೆ ನಾವು ಹೇಳುವ ಮೊದಲೇ ಅದನ್ನು ಹದಿಮೂರನೆಯದಾಗಿ ಪಟ್ಟಿಗೆ ಸೇರಿಸಿದರು.

ನಿಮ್ಮ ಕಾಲೇಜಿನಲ್ಲೂ ಸೀನಿಯರ್‌ಗಳಿಂದ ಬಂದ ಒಂದು ಜಿಪ್ ಫೈಲ್ ಇದ್ದೇ ಇರುತ್ತದೆ. ಮಿನಿ ಪ್ರಾಜೆಕ್ಟಿನದಿರಲಿ, ಲ್ಯಾಬ್ ರೆಕಾರ್ಡಿನದಿರಲಿ, ಸೆಮಿನಾರ್ ವರದಿಯದಿರಲಿ. ಮುಂದಿನವರಿಗೆ ಕಳಿಸುವ ಮೊದಲು ಒಮ್ಮೆ ಬಿಡಿಸಿ ನೋಡಿ. ಅದನ್ನು ಕೊನೆಯ ಸಲ ಯಾರು ತೆರೆದರು, ಯಾವಾಗ ಎಂದು ಒಂದು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರನ್ನೂ ಹಾಕಿ.

– ವಿದ್ಯಾರ್ಥಿನಿ, ತೃತೀಯ ಬಿ.ಇ., ಮೂಡುಬಿದಿರೆ